ನಂಜನಗೂಡಿನ ಚಮಚ

ನನ್ನ ಹೆಂಡತಿ ಕೌಸಲ್ಯಾ ಹೋದ ಕ್ಷೇತ್ರದಲ್ಲೆಲ್ಲ ಅಲ್ಲಿಯ ಅಕ್ಕಸಾಲಿಗರು ಮಾಡಿದ ಒಂದು ಹಳೆಯ ಬೆಳ್ಳಿ ಚಮಚ ಹುಡುಕಿ ಕೊಳ್ಳುತ್ತಿದ್ದಳು. ಒಟ್ಟು ಇಪ್ಪತ್ತೊಂದು. ಶುಕ್ರವಾರ ವಿಭೂತಿ ಹಚ್ಚಿ ತಿಕ್ಕಿ ಬೆಳಗುತ್ತಿದ್ದಳು.

ಅವಳ ಕೊನೆಯ ಗಳಿಗೆಯಲ್ಲಿ ಗಂಗಾಜಲ ಬಿಡಲು ಆತುರದಲ್ಲಿ ನನ್ನ ಕೈಗೆ ಸಿಕ್ಕಿದ್ದು ನಂಜನಗೂಡಿನ ಚಮಚ. ಅದರಿಂದಲೇ ಅವಳ ಬಾಯಿಗೆ ಬಿಟ್ಟೆ. ನೀರು ಗಂಟಲಿಗೆ ಇಳಿಯಿತೋ, ಕೆನ್ನೆಯ ಮೇಲೆ ಹರಿದುಹೋಯಿತೋ, ಇಂದಿಗೂ ತಿಳಿಯದು. ಚಮಚವನ್ನು ತೊಳೆಯದೆ ಪೆಟ್ಟಿಗೆಗೆ ಹಾಕಿಬಿಟ್ಟೆ.

ವರ್ಷಾಬ್ದಿಕ ಮುಗಿದ ಮೇಲೆ, ಎಲ್ಲವನ್ನೂ ಕರಗಿಸಿ ದೇವಸ್ಥಾನಕ್ಕೊಂದು ದೀಪ ಮಾಡಿಸಿಕೊಡೋಣವೆಂದು ಯಲಹಂಕದ ಅಕ್ಕಸಾಲಿಗ ಯೋಗಾನಂದರ ಅಂಗಡಿಗೆ ಪೆಟ್ಟಿಗೆ ಒಯ್ದೆ.

"ಏನ್ ಸ್ವಾಮಿ, ಎಲ್ಲಾ ಬಾಣಲೆ ತಳದಂಗೆ ಕಪ್ಪಾಗಿವೆ. ಇದೊಂದಕ್ಕೆ ಮಾತ್ರ ದಿನಾ ಸ್ನಾನ ಮಾಡಿಸ್ತಿದ್ರಾ?" ಎಂದು ಥಳಥಳಿಸುತ್ತಿದ್ದ ನಂಜನಗೂಡಿನ ಚಮಚ ತೋರಿಸಿ ನಕ್ಕರು.

"ವರ್ಷದಿಂದ ಪೆಟ್ಟಿಗೆ ತೆಗೆದೇ ಇಲ್ಲ ಕಣ್ರೀ."

ಅದನ್ನು ಮುಟ್ಟಿದವರು ತಟ್ಟನೆ ಕೈ ತೆಗೆದರು. ಹೊರಗೆ ಚೈತ್ರದ ಬಿಸಿಲು. "ಐಸ್ ಇದ್ದಂಗಿದೆ. ಮನೇಗೆ ತಗೊಂಡ್ಹೋಗಿ, ನಾನು ಕರಗ್ಸಲ್ಲ."

ಕೊಡಿಗೇಹಳ್ಳಿಯ ಮನೆಗೆ ಮರಳಿ, ಅವಳ ಪಟದ ಮುಂದೆ ಇಪ್ಪತ್ತೊಂದನ್ನೂ ಸಾಲಾಗಿಟ್ಟು ಗಂಗಾಜಲ ತುಂಬಿದೆ. ನೂರೆಂಟು ಜಪ ಮುಗಿಸಿ ಕಣ್ಣು ತೆರೆದೆ. ಇಪ್ಪತ್ತರಲ್ಲಿ ನೀರು ಹಾಗೆಯೇ ಇತ್ತು. ನಂಜನಗೂಡಿನದು ಒಣಗಿತ್ತು. ಮತ್ತೆ ತುಂಬಿದೆ.

ಇದಾಗಿ ನಾಲ್ಕು ತಿಂಗಳು. ಈಗ ಅದೊಂದನ್ನೇ ದಿನವೂ ತುಂಬಿಡುತ್ತೇನೆ. ಜಪ ಮುಗಿಯುವಷ್ಟರಲ್ಲಿ ಬರಿದಾಗಿರುತ್ತದೆ. ಪಟದ ಗಾಜಿನ ಮೇಲೆ, ಅವಳ ಬಲಗೆನ್ನೆಯ ಹತ್ತಿರ, ಒಂದು ಒದ್ದೆ ಗೆರೆ ಇರುತ್ತದೆ.