ಮುಂದಿನ ಸೀಟು

"ಹತ್ತಿ ಅತ್ತಿಗೆ. ನಿಮಗೇ ಅಂತ ಹಾಸಿದೀನಿ."

ನಾದಿನಿ ಕಾರಿನ ಬಾಗಿಲು ತೆರೆದು ನಿಂತಿದ್ದಳು. ಮುಂದಿನ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅಂಚುಗಳನ್ನು ಒಳಕ್ಕೆ ಸಿಕ್ಕಿಸಿ ಅಚ್ಚುಕಟ್ಟಾಗಿ ಹಾಸಿದ್ದು. ಹೊರಟು ನಿಂತ ನೆಂಟರೆಲ್ಲ ನೋಡುತ್ತಿದ್ದರು.

ಇವಳಿಗೆ ಗೊತ್ತಾಗಿಹೋಗಿದೆ... ನಾನು ಬಚ್ಚಲಲ್ಲಿ ಕದ್ದು ಒಗೆದ ಬಟ್ಟೆ ಕಂಡಿರಬೇಕು!

ಮಗುವನ್ನು ಎತ್ತಿಕೊಂಡಿದ್ದವಳು ಗಂಡನತ್ತ ನೋಡಿದಳು. ಅವನು ಟ್ಯಾಕ್ಸಿ ಡ್ರೈವರ್. ಆ ಬಿಳಿ ಸೀಟುಗಳೆಂದರೆ ಅವನಿಗೆ ಪ್ರಾಣ. ಸ್ಟೇರಿಂಗ್ ಹಿಡಿದು ನಕ್ಕುಬಿಟ್ಟ.

"ಒಳ್ಳೇದಾಯ್ತು ಬಿಡು, ನನ್ನ ಸೀಟು ಉಳೀತು."

ಅವಳು ಮಗುವನ್ನು ಅವಚಿಕೊಂಡು ತವರಿಗೆ ನಡೆದೇ ಹೋದಳು.

ಅವಳು ಶಾಲೆಯ ಡ್ರಿಲ್ ಟೀಚರ್. ಒಂದು ವಿಷಲ್ ಊದಿದರೆ ಇಡೀ ಮೈದಾನ ನಿಲ್ಲುತ್ತಿತ್ತು. ಹೆರಿಗೆಯಲ್ಲಿ ಮಲದ್ವಾರದ ಸ್ನಾಯು ಹರಿದ ಮೇಲೆ ಅವಳದೇ ಮೈ ಅವಳ ಮಾತು ಕೇಳುತ್ತಿರಲಿಲ್ಲ; ತಡೆಯುವ ಮೊದಲೇ ಬಟ್ಟೆ ಕೆಡುತ್ತಿತ್ತು. ಬಾಯಿಬಿಟ್ಟು ಯಾರಿಗೆ ಹೇಳುವುದು? ಹೇಳದೆ ಹೇಳದೆ ಒಳಗೇ ಬೆಂದಳು.

ವಾರಗಳು ಕಳೆದ ಮೇಲೆ ಅವನು ಅತ್ತೆಯ ಮನೆ ಬಾಗಿಲಲ್ಲಿ ಬಂದು ನಿಂತ.

"ಅವಳು ಬರ್ತಾಳೋ ಇಲ್ವೋ, ಒಂದು ಮಾತಲ್ಲಿ ಹೇಳಿಬಿಡಿ."

"ನಿಮ್ಮ ಸೀಟು ಕೆಡಬಾರದಲ್ಲ ಅಳಿಯಂದ್ರೆ" ಎಂದ ಅತ್ತೆ, ಮಗಳು ಕೊನೆಗೆ ತನ್ನೆದುರು ಬಾಯಿಬಿಟ್ಟದ್ದನ್ನೂ, ಅವಳು ಹೋಗಿರುವ ಕ್ಲಿನಿಕ್ ಯಾವುದೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು.

ಆ ಹೊತ್ತಿಗೆ ಅವಳು ಕ್ಲಿನಿಕ್‌ನಲ್ಲಿದ್ದಳು. ಮಲದ್ವಾರದೊಳಗೆ ಇಟ್ಟ ಸಣ್ಣ ಸಾಧನದ ತಂತಿ, ಸ್ನಾಯುವಿನ ಬಲ ತೋರಿಸುವ ಕಂಪ್ಯೂಟರ್ ಪರದೆಗೆ ಸೇರಿತ್ತು.

"ಕೆಳಗೆ ಗಾಳಿ ಹೋಗದ ಹಾಗೆ ಬಿಗಿಹಿಡೀರಿ. ಉಸಿರು ಕಟ್ಟಬೇಡಿ... ಈಗ ಬಿಡಿ" ಎಂದರು ಫಿಸಿಯೊ ಮೇಡಂ.

ಪರದೆಯ ಗೆರೆ ಸ್ವಲ್ಪ ಎದ್ದು ಕುಸಿಯಿತು.

"ಇಷ್ಟೇನಾ ಮೇಡಂ?"

"ಸ್ನಾಯುಗೆ ಇನ್ನೂ ಜೀವ ಇದೆ. ಈ ವ್ಯಾಯಾಮ, ಊಟದ ಪಥ್ಯ, ಮಾತ್ರೆ ನೋಡೋಣ. ಆಪರೇಷನ್ ಮಾತು ಆಮೇಲೆ."

ಹೊರಗೆ ಬಂದರೆ ಎದುರಿಗೆ ಅವನು! ಅವಳ ಸಿಟ್ಟು ನೆತ್ತಿಗೇರಿತು. ಹೇಸಿಕೊಂಡು ಓಡಿಹೋಗಲಿ ಎಂದೇ ಎಲ್ಲ ಹೇಳಿದಳು.

"ಕವಾಯತಿನ ಮಧ್ಯೆ ಆಗೋಯ್ತು, ಮಕ್ಕಳು ಮೂಗು ಮುಚ್ಕೊಂಡ್ರು. ನಿಮ್ಮ ಪಕ್ಕ ಮಲಗಿದ್ದಾಗ್ಲೂ ಆಗಿತ್ತು. ಅದಕ್ಕೇ ಚಾಪೆ ಬಚ್ಚಲ ಹತ್ರ ಹಾಕ್ಕೊಂಡೆ. ಆಗ ನೀವೇನಂದ್ರಿ? 'ಮಗು ಸಿಕ್ತಲ್ಲ, ಇನ್ನು ಗಂಡ ಯಾಕೆ' ಅಂದ್ರಿ."

ಅವನ ಮುಖ ಬಿಳಿಚಿಕೊಂಡಿತು.

"ಆ ಹಾಳೆ ಮಗು ಉಚ್ಚೆ ಮಾಡುತ್ತೆ ಅಂತ ಹಾಸಿದ್ದು ಅಂದ್ಕೊಂಡೆ ಕಣೇ... ನಿನ್ನಾಣೆ."

"ಇರಬಹುದು. ನಿಮ್ಮ ನಗು ಮಾತ್ರ ಇನ್ನೂ ಕಿವೀಲಿದೆ."

ಅವನು ಕಾರಿನ ಬಾಗಿಲು ತೆರೆದ. ಹಾಳೆ ಇನ್ನೂ ಅಲ್ಲೇ ಇತ್ತು. ಕಿತ್ತು, ಮುದುರಿ, ಕಸದ ತೊಟ್ಟಿಗೆ ಎಸೆದ.

"ಕೂತ್ಕೋ."

"ವಾಸಿ ಆಗುತ್ತೆ ಅಂತ ಖಾತ್ರಿ ಇಲ್ಲ. ಇವತ್ತೇ, ಇಲ್ಲೇ ಆಗಬಹುದು."

"ಆಗ್ಲಿ. ಯಾರ್ಯಾರೋ ಕುಡುಕರು ವಾಂತಿ ಮಾಡಿದ್ದನ್ನ ತೊಳೆದ ಕೈ ಇದು. ನಿಂದು ತೊಳೆದ್ರೆ ಸವೆದು ಹೋಗುತ್ತಾ?"

ಅವಳ ಕಣ್ಣು ತುಂಬಿತು. ಬೇಕಿತ್ತು ಈ ಮಾತು, ಆದರೆ ಎಷ್ಟು ತಡವಾಗಿ...

"ನಿಮ್ಮನ್ನ ಕ್ಷಮಿಸಿಲ್ಲ ನಾನು" ಎನ್ನುತ್ತಲೇ ಕೂತಳು. "ಎಲ್ಲಿಗೆ ಕರ್ಕೊಂಡು ಹೋಗ್ತೀರಿ?"

"ನಿನ್ನ ತವರಿಗೆ. ನೀನು ಕರೆಯೋವರೆಗೂ ನಾನೇ ಅಲ್ಲಿಗೆ ಬರ್ತೀನಿ."

ಸಿಗ್ನಲ್‌ನಲ್ಲಿ ಕಾರು ನಿಂತಿತು. ಅವಳು ಮುಂದಕ್ಕೇ ನೋಡುತ್ತ ತುಟಿ ಬಿಗಿದಿದ್ದಳು.

"ಕೋಪಾನಾ?"

"ವ್ಯಾಯಾಮ. ಮಾತಾಡಿಸ್ಬೇಡಿ."

ಹಸಿರು ದೀಪ ಹತ್ತಿತು. ಅವನು ಕಾರು ಕದಲಿಸಲಿಲ್ಲ. ಹಿಂದಿನವರ ಹಾರ್ನ್ ಕಿವಿ ಹರಿಯುವಂತೆ ಮೊಳಗಿತು, ಯಾರೋ ಬೈದರು.

"ಮುಗೀತಾ?" ಎಂದು ಮೆಲ್ಲಗೆ ಕೇಳಿದ.

"ಇನ್ನೊಂದು ಸಲ" ಎಂದಳು.

ಅವನು ಕಾದ.