ಮುಖಪುಟದ ತೋಟ

ಅಮ್ಮತ್ತಿಯ ಚಿತ್ರಕಾರ ಉತ್ತಯ್ಯನವರ ಬದುಕಿನ ಬಗ್ಗೆ ನಾನೊಂದು ಪುಸ್ತಕ ಬರೆದೆ. ಆಗಲೇ ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮುಖಪುಟಕ್ಕೆ ಅವರ ಕೊನೆಯ ಚಿತ್ರದ ಫೋಟೋ ತೆಗೆದವನೂ ನಾನೇ. ಹಸಿರು ಕಾಫಿ ತೋಟ, ಎಡಗಡೆಯ ಗಿಡಗಳಲ್ಲಿ ಮಾತ್ರ ಬಿಳಿ ಹೂವು, ಮೂಲೆಯಲ್ಲಿ ಸಹಿ ಇಲ್ಲ. 'ಈ ಚಿತ್ರ ಅಪೂರ್ಣವಾಗಿಯೇ ಉಳಿಯಿತು' ಎಂದು ಬರೆದು ಪುಸ್ತಕ ಮುಗಿಸಿದ್ದೆ.

ಪುಸ್ತಕ ಕಳಿಸಿದ ಮೇಲೆ ಅವರ ತಂಗಿ ಸೀತವ್ವ ಫೋನ್ ಮಾಡಿ ಮನೆಗೆ ಕರೆದರು. ಹೊರಗೆ ಏಪ್ರಿಲ್ ತಿಂಗಳ ಸೆಕೆ. ಚಿತ್ರವಿದ್ದ ಕೋಣೆಯ ಬಾಗಿಲ ಹಿಡಿ ಮಾತ್ರ ಐಸಿನಂತೆ ತಣ್ಣಗಿತ್ತು. ಒಳಗೆ ಟರ್ಪೆಂಟೈನ್ ವಾಸನೆ.

"ಇಲ್ಲಿ ಯಾರಾದ್ರೂ ಪೇಂಟ್ ಮಾಡ್ತಾರಾ, ಆಂಟಿ?"

"ಯಾರೂ ಇಲ್ಲ. ನಿಮ್ಮ ಪುಸ್ತಕ ಬಂತಲ್ಲ, ಇಲ್ಲೇ ಕೂತು ಜೋರಾಗಿ ಓದ್ದೆ. ಅಣ್ಣನಿಗೂ ಕೇಳ್ಲಿ ಅಂತ. ಆ ಕೊನೇ ಸಾಲು ಓದ್ಬಾರ್ದಿತ್ತು."

ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ. ನನ್ನ ಮೇಲೆ ಸ್ವಲ್ಪ ಕೋಪವಿತ್ತು, ಅಷ್ಟೇ.

ಪುಸ್ತಕವನ್ನು ಚಿತ್ರದ ಪಕ್ಕ ಹಿಡಿದು ನೋಡಿದೆ. ಮುಖಪುಟದಲ್ಲಿ ಬರೀ ಹಸಿರಾಗಿದ್ದ ಬಲಗಡೆಯ ಗಿಡಗಳಲ್ಲಿ ಹೆಚ್ಚಿನವು ಗೋಡೆಯ ಮೇಲಿನ ಚಿತ್ರದಲ್ಲಿ ಹೂ ಬಿಟ್ಟಿದ್ದವು. ಒಂದನ್ನು ಮುಟ್ಟಿದೆ. ಬೆರಳಿಗೆ ಬಿಳಿ ಬಣ್ಣ ಅಂಟಿತು.

"ಇನ್ನೊಂದ್ಸಲ ಅಚ್ಚು ಹಾಕಿದ್ರೆ ಆ ಸಾಲು ತೆಗೆದುಬಿಡಿ," ಎಂದು ಸೀತವ್ವ ಹಳೆಯ ಬಟ್ಟೆಯೊಂದನ್ನು ಕೈಗಿತ್ತರು. "ಒಂದ್ಸಲ ಸಹಿ ಹಾಕಿದ್ಮೇಲೆ ಅಣ್ಣ ಯಾವ ಚಿತ್ರದ ಹತ್ರಾನೂ ಬರ್ತಿರ್ಲಿಲ್ಲ."

ನಾನು ಹೊರಡುವಾಗ ಮೂಲೆಯಲ್ಲಿ ಸಹಿ ಇನ್ನೂ ಬಿದ್ದಿರಲಿಲ್ಲ; ಆ ತೋಟದಲ್ಲಿ ಹೂವಿಲ್ಲದೆ ಉಳಿದಿದ್ದದ್ದು ಒಂದೇ ಗಿಡ.