ರುಕ್ಮಿಣಿಯ ಡಮ್ಮಿ ಸಾಹಿತ್ಯ

ಗಾಜಿನ ಆಚೆ ಕೂತಿದ್ದ ಸೌಂಡ್ ಎಂಜಿನಿಯರ್ ವಿಶ್ರುತ್ ಹೆಡ್‌ಫೋನ್ ಸರಿಮಾಡಿಕೊಂಡು ಹೆಬ್ಬೆರಳು ಎತ್ತಿದ. ಈಚೆ ಶಾಂಭವಿ ಮೈಕಿನ ಹತ್ತಿರ ಸರಿದು ನಿಂತಳು.

ಸಿಂಗಸಂದ್ರದ ಆ ಪುಟ್ಟ ಸ್ಟುಡಿಯೊದಲ್ಲಿ ಪೌರಾಣಿಕ ಸಿನಿಮಾವೊಂದರ ಹಾಡು ತಯಾರಾಗುತ್ತಿತ್ತು. ಶಿಶುಪಾಲನ ಜೊತೆ ಮದುವೆ ಗೊತ್ತಾದ ರುಕ್ಮಿಣಿ, ಬಂದು ನನ್ನನ್ನು ಕರೆದುಕೊಂಡು ಹೋಗು ಅಂತ ಕೃಷ್ಣನಿಗೆ ಹೇಳಿಕಳಿಸುವ ಹಾಡು. ರಾಗ ಸಿದ್ಧವಾಗಿತ್ತು, ಸಾಹಿತ್ಯ ಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ರಾಗದ ಮಾದರಿಗಾಗಿ ಟ್ರ್ಯಾಕ್ ಹಾಡುವ ಶಾಂಭವಿಯಂಥವರು ಬಾಯಿಗೆ ಬಂದ ಮಾತನ್ನೇ ರಾಗಕ್ಕೆ ಕೂರಿಸಿಬಿಡುತ್ತಾರೆ. ಅದು ಡಮ್ಮಿ ಸಾಹಿತ್ಯ. ಆಮೇಲೆ ದೊಡ್ಡ ಗಾಯಕರು ಬಂದು ಅಸಲಿ ಸಾಹಿತ್ಯ ಹಾಡಿದರೆ ಡಮ್ಮಿಯನ್ನು ಯಾರೂ ನೆನೆಯುವುದಿಲ್ಲ.

ಶಾಂಭವಿಗೆ ಬೇಕಾಗಿದ್ದೂ ಇದೇ. ಮೇಲಿನ ಮಹಡಿಯಲ್ಲಿ ಅವಳ ಮನೆ. ಸ್ಟುಡಿಯೊಗೆ ಜಾಗ ಬಾಡಿಗೆ ಕೊಟ್ಟವನು ಅವಳಪ್ಪ ರಾಮಾಂಜಿನಪ್ಪ. ಭಾನುವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ವಿಶ್ರುತನಿಗೆ ನೇರವಾಗಿ ಹೇಳೋಣವೆಂದರೆ ಧೈರ್ಯವಾಗುತ್ತಿರಲಿಲ್ಲ. ಅವನ ಸ್ಕೂಟರಿಗೆ ಸದಾ ತೂಗುಬಿದ್ದಿರುವ ಎರಡನೇ ಹೆಲ್ಮೆಟ್ ಯಾವಳದೋ ಎಂಬ ಸಂಕಟ ಬೇರೆ. ಅವಳು ಅವನನ್ನೇ ನೋಡುತ್ತ ಹಾಡಿದಳು: "ಭಾನುವಾರ ನೋಡಲು ಬರುವರು, ಅದಕೂ ಮೊದಲೇ ಬಾರೋ ಕೃಷ್ಣ..."

ವಿಶ್ರುತ್ ಕಣ್ಣು ಮುಚ್ಚಿ ತಲೆದೂಗಿದ. "ಸಕ್ಕತ್ ಮೇಡಂ," ಅಂತ ಸ್ಪೀಕರಿನಲ್ಲಿ ದನಿ ಬಂತು. "ಒಂದೇ ಟೇಕಿಗೆ ಓಕೆ."

ಓಕೆಯಂತೆ ಓಕೆ. ಮುಂದಿನ ಚರಣ ಕೃಷ್ಣನದು, ಅದರ ಟ್ರ್ಯಾಕ್ ಹಾಡುವವನೂ ಇವನೇ. ಏನು ಉತ್ತರ ಕೊಡುತ್ತಾನೋ ಅಂತ ಅವಳು ಉಗುರು ಕಚ್ಚುತ್ತ ನಿಂತಳು. ಅವನು ವಿರಹವನ್ನೆಲ್ಲ ಕಂಠಕ್ಕೆ ತಂದುಕೊಂಡು, ಬೆಳಿಗ್ಗೆ ತಿಂದ ಖಾಲಿ ದೋಸೆಯ ಮೇಲೆ, ಕೇಳಿದರೂ ಸಿಗದ ಸಾಗುವಿನ ಮೇಲೆ ಹಾಡಿದ.

ಶಾಂಭವಿ ದಡದಡ ಮಹಡಿ ಹತ್ತಿ, ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಳು. ದ್ವಾರಕೆಯವನ ಬುದ್ಧಿಯಲ್ಲಿ ಕಾಲುಭಾಗವಾದರೂ ಈ ಕೃಷ್ಣನಿಗೆ ಬೇಡವೇ?

ಭಾನುವಾರ ಬಂದೇ ಬಂತು. ಕೇಸರಿಬಾತು ಮುಗಿದ ಮೇಲೆ ಗಂಡಿನ ತಾಯಿ ಒಂದು ದೇವರನಾಮ ಹೇಳಮ್ಮ ಅಂದರು. ಶಾಂಭವಿಗೆ ಬೇರೆ ಯಾವ ಹಾಡೂ ನೆನಪಾಗಲಿಲ್ಲ. ಸ್ವಲ್ಪ ಕೋಪ, ಸ್ವಲ್ಪ ಅಳು ಸೇರಿಸಿ ಆ ಡಮ್ಮಿಯನ್ನೇ ಹಾಡಿದಳು. ಕೃಷ್ಣನ ಹೆಸರು ಕೇಳಿ ಬಂದವರು ಕೈಮುಗಿದರು. ಇದು ಯಾವ ದಾಸರ ಪದ ಅಂತ ಗಂಡಿನ ತಂದೆ ವಿಚಾರಿಸಿದರು.

ಅಷ್ಟರಲ್ಲಿ, ಕೆಳಗಿನ ಸ್ಟುಡಿಯೊಗೆ ಹಾಡು ಕೇಳಿಸಿ ಓಡಿಬಂದ ವಿಶ್ರುತ್ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ. ಕೆಳಗೆ ಕರೆಂಟು ಹೋಯಿತಾ ಅಂತ ರಾಮಾಂಜಿನಪ್ಪ ಕೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

"ಡಮ್ಮಿನ ಯಾರೂ ಎರಡನೇ ಸಲ ಅದೇ ಮಾತಲ್ಲಿ ಹಾಡಲ್ಲ ಮೇಡಂ," ಅಂದ. "ಅದು ಡಮ್ಮಿ ಅಲ್ಲ ಅಲ್ವಾ?"

"ಅಲ್ಲ," ಅಂದಳು ಶಾಂಭವಿ. "ನಿಮ್ಮನ್ನೇ ಕರೆದಿದ್ದು. ನಂಗೆ ನೀವಂದ್ರೆ ಇಷ್ಟ."

ಮುಗಿದ ಕೈಗಳು ಮೆಲ್ಲಗೆ ಕೆಳಗಿಳಿದವು. ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜಿ ಭದ್ರಮ್ಮ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆ ಕಿಸ್ಣ ರಥ ತಂದಿದ್ದ. ನೀನೇನ್ ತಂದಿದ್ದೀಯಪ್ಪ?"

"ಸ್ಕೂಟರ್ ಅಜ್ಜಿ."

"ಎಲ್ಮೆಟ್ ಎಲ್ಡೈತಾ?"

ವಿಶ್ರುತನ ಕಿವಿ ಕೆಂಪಾಯಿತು. "ಇದೆ ಅಜ್ಜಿ. ಇವ್ರಿಗೆ ಅಂತ್ಲೇ ತಗೊಂಡಿದ್ದೆ. ಬನ್ನಿ ಅನ್ನೋಕೆ ಧೈರ್ಯ ಬರ್ದೆ ಸುಮ್ನೆ ಹೊತ್ಕೊಂಡ್ ತಿರುಗ್ತಿದ್ದೆ."

ಇಬ್ಬರೂ ಬೇಗೂರು ಈಶ್ವರನಿಗೆ ಕೈಮುಗಿದು ಬನ್ನಿ, ಅಷ್ಟರಲ್ಲಿ ಇವನನ್ನು ಒಪ್ಪಿಸಿರುತ್ತೇನೆ ಅಂತ ಭದ್ರಮ್ಮ ಮಗನ ಕಡೆ ಗದ್ದದಲ್ಲೇ ತೋರಿಸಿದಳು. ತಾಯಿಯ ಮಾತಿಗೆ ಎದುರಾಡಿ ರಾಮಾಂಜಿನಪ್ಪನಿಗೆ ಅಭ್ಯಾಸವಿರಲಿಲ್ಲ. ಬಂದವರಿಗೆ ಇನ್ನೊಂದು ಸುತ್ತು ಕಾಫಿ ತರಲು ಅವನೇ ಎದ್ದ.

ಮುಡಿದ ಮಲ್ಲಿಗೆಯ ಮೇಲೆ ಹೆಲ್ಮೆಟ್ ಕೂರಲಿಲ್ಲ. ಶಾಂಭವಿ ಹೂವು ಬಿಚ್ಚಿ ಸ್ಕೂಟರಿನ ಹ್ಯಾಂಡಲ್ಲಿಗೆ ಸುತ್ತಿದಳು. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ವಿಶ್ರುತ್ ಕೃಷ್ಣನ ಚರಣ ಎತ್ತಿಕೊಂಡ. ಈ ಸಲ ಅದರಲ್ಲಿ ಖಾಲಿ ದೋಸೆ ಇರಲಿಲ್ಲ, ಅವಳ ಹೆಸರಿತ್ತು.